ಗೋಣಿಬಟ್ಟೆಯ ಅಚ್ಚಿನ ತೆಳು ಕಾಂಕ್ರೀಟ್ ಚಿಪ್ಪು ಬಿರುಕು ಬಿಟ್ಟಿದ್ದೇಕೆ?

ಪ್ರಶ್ನೆ (ಕಾರವಾರ):
ಕೋಡಿಬಾಗದ ನಮ್ಮ ಹಿತ್ತಲಲ್ಲಿ ಗೋಣಿಬಟ್ಟೆಯನ್ನು ನಾಲ್ಕು ಮೂಲೆಗಳಿಂದ ಜೋತುಬಿಟ್ಟು, ಸಿಮೆಂಟ್ ಗಾರೆ ಬಳಿದು, ಗಟ್ಟಿಯಾದ ಮೇಲೆ ಮಗುಚಿ, ಒಂದು ಮೀಟರ್ ಅಗಲದ ಚಿಪ್ಪೊಂದನ್ನು ಮಾಡಿದೆ. ದಪ್ಪ ಸುಮಾರು 20 ಮಿ.ಮೀ.; ಒಳಗೆ ಕೋಳಿಗೂಡಿನ ತಂತಿಬಲೆ ಇದೆ. ಎರಡನೆಯ ದಿನವೇ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡವು. ತಪ್ಪಿದ್ದೆಲ್ಲಿ?

ಉತ್ತರ (ಶಿರಸಿ):
ಜೋತುಬಿದ್ದ ಬಟ್ಟೆಯಲ್ಲಿ ಎಳೆತವಷ್ಟೇ ಇರುವುದರಿಂದ, ಅದೇ ಆಕಾರವನ್ನು ಮಗುಚಿದಾಗ ಸ್ವಂತ ಭಾರದಿಂದ ಬಹುಮಟ್ಟಿಗೆ ಒತ್ತಡವೇ ಉಂಟಾಗುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಹೈಂಜ್ ಇಸ್ಲರ್ ತಮ್ಮ ಅನೇಕ ಚಿಪ್ಪುಗಳ ಆಕಾರವನ್ನು ಕಂಡುಕೊಂಡದ್ದು ಹೀಗೆಯೇ. ಒತ್ತಡವನ್ನು ಕಾಂಕ್ರೀಟ್ ಚೆನ್ನಾಗಿ ತಾಳುತ್ತದೆ; ಆದ್ದರಿಂದ ನಿಮ್ಮ ಆಕಾರವನ್ನು ನಾನು ದೂರುವುದಿಲ್ಲ. ಒಣ ಗೋಣಿ ಗಾರೆಯ ನೀರನ್ನು ಹೀರುತ್ತದೆ, ಕಡಲಗಾಳಿ ಉಳಿದದ್ದನ್ನು ಒಣಗಿಸುತ್ತದೆ; ಹೀಗೆ ಬೇಗ ಒಣಗಿದ ಗಾರೆ ಕುಗ್ಗಿ ಬಿರುಕು ಬಿಡುತ್ತದೆ. ಬಟ್ಟೆಯನ್ನು ಮೊದಲೇ ನೆನೆಸಿದ್ದಿರಾ? ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿಡಿ.

ಉತ್ತರ (ಕುಮಟಾ):
ನನಗೆ ತಂತಿಯದೇ ಚಿಂತೆ. ನಾನು ಕಟ್ಟಿದ ತೆಳುಗೋಡೆಯ ನೀರಿನ ತೊಟ್ಟಿಯಲ್ಲಿ ಮೂರನೆಯ ಮಳೆಗಾಲಕ್ಕೆ ತಂತಿಯ ಜಾಡಿನಲ್ಲೇ ತುಕ್ಕಿನ ಕಂದು ಗೆರೆಗಳು ಮೂಡಿದವು. ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತಿತ್ತು. 20 ಮಿ.ಮೀ. ದಪ್ಪದಲ್ಲಿ ಕಡಲಗಾಳಿಯ ಉಪ್ಪನ್ನು ತಡೆಯುವಷ್ಟು ಗಾರೆಯ ಹೊದಿಕೆ ತಂತಿಗೆ ಸಿಗುವುದಿಲ್ಲ. ಕ್ಷಾರನಿರೋಧಕ ಗಾಜಿನ ನಾರಿನ ಜಾಲರಿಯನ್ನು ಬಳಸಿ. ಸಾಮಾನ್ಯ ಗಾಜಿನ ನಾರನ್ನು ಸಿಮೆಂಟಿನ ಕ್ಷಾರವೇ ತಿನ್ನುತ್ತದೆ. ಕಡಲ ಮರಳಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ಬಟ್ಟೆ ಒಣಗಿಯೇ ಇತ್ತು. ಮುಂದಿನದನ್ನು ನೆನೆಸಿ, ಜಾಲರಿ ಹಾಕಿ ಮಾಡುತ್ತೇನೆ.