ಎಕೋಲಿಂಕ್: ಸ್ಟೇಷನ್ ಪಟ್ಟಿ ಕಾಣುತ್ತದೆ, ಕನೆಕ್ಟ್ ಮಾತ್ರ ಆಗುತ್ತಿಲ್ಲ (ಕಲಬುರಗಿ)

ಭೀಮಾ_ಹ್ಯಾಂಡಿ, ಕಲಬುರಗಿ
ನಮಸ್ಕಾರ್ರಿ. ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಗುಂಪಿನ 2 ಮೀಟರ್ ಬ್ಯಾಂಡ್ ರಿಪೀಟರ್‌ಗೆ (ಬಂದ ಸಿಗ್ನಲ್ ಅನ್ನು ಮತ್ತೆ ದೂರಕ್ಕೆ ಕಳಿಸುವ ಸೆಟ್) ಎಕೋಲಿಂಕ್ ಜೋಡಿಸುತ್ತಿದ್ದೇವೆ, ಅಂದರೆ ಹ್ಯಾಮ್ ಸ್ಟೇಷನ್‌ಗಳನ್ನು ಇಂಟರ್ನೆಟ್ ಮೂಲಕ ಬೆಸೆಯುವ ಸಾಫ್ಟ್‌ವೇರ್. ಹಳೆಯ ಲ್ಯಾಪ್‌ಟಾಪ್, ಸೌಂಡ್ ಇಂಟರ್‌ಫೇಸ್, ಒಂದು ಮೊಬೈಲ್ ರಿಗ್ (ಗಾಡಿಯಲ್ಲಿಡುವಂಥ ರೇಡಿಯೋ ಸೆಟ್), ಇವೆಲ್ಲ ಸೇರಿ ನಮ್ಮ ನೋಡ್. ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತು) ವೆರಿಫೈ ಆಗಿದೆ. ಲಾಗಿನ್ ಆಗುತ್ತದೆ, ಪಟ್ಟಿಯೂ ಬರುತ್ತದೆ. ಆದರೆ ಟೆಸ್ಟ್ ಸರ್ವರ್ 9999 ಕೊಟ್ಟರೂ ಟೈಮ್‌ಔಟ್. 5198, 5199 ಯುಡಿಪಿ ಪೋರ್ಟ್ ಫಾರ್ವರ್ಡ್ ಮಾಡಿದ್ದೇವೆ (ಹೊರಗಿಂದ ಬರುವ ಡೇಟಾಗೆ ರೂಟರ್‌ನಲ್ಲಿ ಲ್ಯಾಪ್‌ಟಾಪ್ ತನಕ ದಾರಿ). ಇಂಟರ್ನೆಟ್ 4ಜಿ ಸಿಮ್ ರೂಟರ್‌ನಿಂದ.

ಬೀದರ್_ಯಾಗಿ
ಸಿಮ್ ರೂಟರ್ ಅಂದಿರಲ್ಲ, ಅಲ್ಲೇ ಇರಬೇಕು. ಪಟ್ಟಿ ಬರುವುದು ಟಿಸಿಪಿ 5200ರಲ್ಲಿ. ಆ ಕನೆಕ್ಷನ್ ನಿಮ್ಮ ಕಡೆಯಿಂದಲೇ ಶುರುವಾಗುತ್ತದೆ, ತಕರಾರಿಲ್ಲ. ಧ್ವನಿ ಓಡಾಡುವುದು ಯುಡಿಪಿಯಲ್ಲಿ. ಅದು ನಿಮ್ಮ ರೂಟರ್ ತನಕ ಬರುತ್ತಲೇ ಇಲ್ಲ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿಯವರು ರೂಟರ್‌ಗೆ ಕೊಟ್ಟ ವಿಳಾಸ) ನೋಡಿ. 100.64ರಿಂದ 100.127ರ ಒಳಗಿದ್ದರೆ ಸಿಜಿನ್ಯಾಟ್. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಕಂಪನಿಯವರು ತುಂಬಾ ಜನರಿಗೆ ಹಂಚಿದ್ದಾರೆ. ನಿಮ್ಮ ಮನೆಯಲ್ಲಿ ಎಷ್ಟು ಫಾರ್ವರ್ಡ್ ಮಾಡಿದರೂ ಸುಮ್ನೆ.

ಭೀಮಾ_ಹ್ಯಾಂಡಿ
100.91 ಅಂತ ತೋರಿಸುತ್ತಿದೆ!

ಬೀದರ್_ಯಾಗಿ
ಹಾಗಾದರೆ ಪ್ರಾಕ್ಸಿ (ನಡುವೆ ನಿಂತು ಡೇಟಾ ದಾಟಿಸುವ ಸರ್ವರ್) ಹಾಕಿ. ಪಬ್ಲಿಕ್ ಪ್ರಾಕ್ಸಿ ಪರೀಕ್ಷೆಗೆ ಸಾಕು. ಆದರೆ ಒಂದು ಪ್ರಾಕ್ಸಿಯನ್ನು ಒಂದು ಸಲಕ್ಕೆ ಒಬ್ಬರೇ ಬಳಸಬಹುದು. ಇಡೀ ದಿನ ಓಡುವ ನೋಡ್ ಅದರ ಮೇಲೆ ಕೂರುವುದು ಸರಿಯಲ್ಲ. ಪಬ್ಲಿಕ್ ಐಪಿ ಇರುವ ಗೆಳೆಯರ ಮನೆಯಲ್ಲೋ ಬಾಡಿಗೆ ಸರ್ವರ್‌ನಲ್ಲೋ ಸ್ವಂತ ಪ್ರಾಕ್ಸಿ ಇಡಿ. ಅದೊಂದು ಚಿಕ್ಕ ಜಾವಾ ಪ್ರೋಗ್ರಾಂ. ನಿಮ್ಮ ಲ್ಯಾಪ್‌ಟಾಪ್ ಅದನ್ನು ಟಿಸಿಪಿ 8100ರಲ್ಲಿ ಹಿಡಿಯುತ್ತದೆ.

ಸುರಪುರ_73, ಯಾದಗಿರಿ
ಇಂಟರ್ನೆಟ್ ಇದ್ದ ಮೇಲೆ ವಾಟ್ಸ್‌ಆ್ಯಪ್ ಕಾಲ್ ಸಾಲದಾ? ಇದೆಂಥ ರೇಡಿಯೋ?

ಬೀದರ್_ಯಾಗಿ
ಈ ಪ್ರಶ್ನೆ ಬಾರದ ಥ್ರೆಡ್ ಇಲ್ಲ ಬಿಡಿ 🙂 ನಮ್ಮ ಕಡೆ ಹ್ಯಾಮ್‌ಗಳೇ ಕಡಿಮೆ. ಹೊಸದಾಗಿ ವಿಯು3 (ಆರಂಭಿಕ ಲೈಸೆನ್ಸ್‌ನ ಕಾಲ್‌ಸೈನ್) ತೆಗೆದುಕೊಂಡ ಹುಡುಗ 5 ವ್ಯಾಟ್ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಸೆಟ್) ಸಂಜೆಯೆಲ್ಲ ಕರೆದರೂ ಉತ್ತರವಿಲ್ಲ. ಆಮೇಲೆ ಸೆಟ್ ಕಪಾಟು ಸೇರುತ್ತದೆ. ಲಿಂಕ್ ಇದ್ದರೆ ಅದೇ ಹ್ಯಾಂಡಿಯಲ್ಲಿ ಬೆಂಗಳೂರು, ಮಂಗಳೂರು ಸಿಗುತ್ತವೆ. ಕಾಲ್‌ಸೈನ್ ಹೇಳುವುದು, ಕಾದು ಮಾತಾಡುವುದು, ಆಂಟೆನಾ ಎತ್ತರಿಸುವುದು, ಎಲ್ಲ ಕಲಿಯುತ್ತಾನೆ. ವಾಟ್ಸ್‌ಆ್ಯಪ್ ಇದನ್ನು ಕಲಿಸುತ್ತದಾ?

ಆದರೆ ನಿಮ್ಮ ಮಾತಿನಲ್ಲೂ ಹುರುಳಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಂಥ ಹೊತ್ತಲ್ಲಿ ಮೊದಲು ಬೀಳುವುದು ಕರೆಂಟ್, ಹಿಂದೆಯೇ ಮೊಬೈಲ್ ಟವರ್. ಆಗ ರಿಪೀಟರ್ ಬ್ಯಾಟರಿ ಮೇಲೆ ಒಂಟಿಯಾಗಿ ನಡೆಯಲೇಬೇಕು. ಅದಕ್ಕೇ ಭೀಮಾ ಅವರೇ, ರಿಪೀಟರ್ ಕಂಟ್ರೋಲರ್ ಕೆಲಸವನ್ನು ಲ್ಯಾಪ್‌ಟಾಪ್‌ಗೆ ಒಪ್ಪಿಸಬೇಡಿ. ನೋಡ್ ಬೇರೆ ರಿಗ್‌ನಲ್ಲಿ, ಬೇರೆ ಜಾಗದಲ್ಲಿ ಇರಲಿ.

ಭೀಮಾ_ಹ್ಯಾಂಡಿ
ಪ್ರಾಕ್ಸಿಯಿಂದ 9999 ಸಿಕ್ಕಿತು, ನನ್ನ ದನಿ ನನಗೇ ವಾಪಸ್ ಬಂತು! ಈಗ ಇನ್ನೊಂದು ಕಾಟ. ಯಾರೂ ಮಾತಾಡದಿದ್ದರೂ ನಮ್ಮ ನೋಡ್, ಆ ಕಡೆಯ ರಿಪೀಟರ್ ಒಂದನ್ನೊಂದು ಕೀ ಮಾಡುತ್ತಲೇ (ಪ್ರಸಾರಕ್ಕೆ ಎಬ್ಬಿಸುತ್ತಲೇ) ಇರುತ್ತವೆ.

ಬೀದರ್_ಯಾಗಿ
ರಿಪೀಟರ್‌ನ ಬಾಲ (ಮಾತು ಮುಗಿದ ಮೇಲೂ ಕೆಲ ಕ್ಷಣ ಉಳಿಯುವ ಪ್ರಸಾರ), ಬೀಪ್ ಎರಡನ್ನೂ ನೋಡ್ ಮಾತು ಅಂದುಕೊಳ್ಳುತ್ತಿದೆ. ಬಳಕೆದಾರರ ಸಿಗ್ನಲ್ ಇರುವಾಗ ಮಾತ್ರ ರಿಪೀಟರ್ ಸಿಟಿಸಿಎಸ್ಎಸ್ ಟೋನ್ (ಮಾತಿನ ಜೊತೆ ಹೋಗುವ ಸಣ್ಣ ಗುರುತಿನ ಸ್ವರ) ಕಳಿಸಲಿ, ಬಾಲದಲ್ಲಿ ಬೇಡ. ನೋಡ್ ರಿಗ್‌ನಲ್ಲಿ ಟೋನ್ ಸ್ಕ್ವೆಲ್ಚ್ ಆನ್ ಮಾಡಿ, ಆ ಟೋನ್ ಇದ್ದರಷ್ಟೇ ಅದು ಸದ್ದು ಬಿಡುತ್ತದೆ. ಅಲ್ಲಿಯ ತನಕ ಲಿಂಕ್ ಬಿಡಿಸಿಡಿ, ಆ ಕಡೆಯವರು ಬೈದುಕೊಳ್ಳುತ್ತಿರುತ್ತಾರೆ.