ಅಡಿಕೆ ಸುಲಿಯುವ ಕೈಗೆ ಬೆರಳಿಲ್ಲದ ಗ್ಲೌಸ್: ಹೆಣೆದವರು ದಯವಿಟ್ಟು ಹೇಳಿ

ಹೊಸನಗರ ಕಡೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರದ ಹತ್ತಿರ ತೋಟದ ಮನೆ. ಅಡಿಕೆ ಕೊಯ್ಲು ಶುರುವಾದರೆ ನಮ್ಮ ಅತ್ತೆ ಬೆಳಗಿನ ಜಾವವೇ ಎದ್ದು ಸುಲಿಯಲು ಕೂರುತ್ತಾರೆ. ಅರವತ್ತು ದಾಟಿದೆ. ಆ ಥಂಡಿಗೆ ಕೈ ಸೆಟೆದುಕೊಳ್ಳುತ್ತದೆ. ಆಗಾಗ ಎದ್ದು ಬಚ್ಚಲ ಒಲೆಗೆ ಕೈ ಕಾಯಿಸಿಕೊಂಡು ಬಂದು ಮತ್ತೆ ಕೂರುತ್ತಾರೆ. ಪೇಟೆಯಿಂದ ಗ್ಲೌಸ್ ತಂದುಕೊಟ್ಟೆ. ಬೆರಳು ಮುಚ್ಚಿದರೆ ಅಡಿಕೆ ಹಿಡಿತಕ್ಕೆ ಸಿಗುವುದಿಲ್ಲ ಅಂತ ತೆಗೆದಿಟ್ಟರು.

ಬೆರಳು ಬಿಟ್ಟು ಅಂಗೈ, ಮಣಿಕಟ್ಟು ಮಾತ್ರ ಮುಚ್ಚುವ ಗ್ಲೌಸ್ ನಾನೇ ಹೆಣೆದುಕೊಡಬೇಕು ಅಂತ ಆಸೆ. ನನಗೆ ಬರುವುದು ಮಫ್ಲರ್ ಒಂದೇ. ನಾಲ್ಕು ಕಡ್ಡಿ ಹಿಡಿದು ಸುತ್ತಲೂ ಹೆಣೆಯಲು ಬರುವುದಿಲ್ಲ. ಎಷ್ಟು ಸ್ಟಿಚ್ ಹಾಕಬೇಕು? ಉಲ್ಲನ್ ಯಾವುದು? ಹೆಬ್ಬೆರಳಿಗೆ ಜಾಗ ಹೇಗೆ ಬಿಡುವುದು?

ತೀರ್ಥಹಳ್ಳಿಯಿಂದ

ಮಫ್ಲರ್ ಬರುತ್ತದೆ ಅಂದರೆ ಇದೂ ಬಂತು ಅಂತಲೇ ತಿಳಿಯಿರಿ. ನಾಲ್ಕು ಕಡ್ಡಿ ಬೇಡ. ಎರಡೇ ಕಡ್ಡಿಯಲ್ಲಿ ಒಂದು ಚೌಕದ ತುಂಡು ಹೆಣೆದು, ಮಡಚಿ, ಬದಿ ಹೊಲಿಯುವುದು. ಹೊಲಿಯುವಾಗ ಹೆಬ್ಬೆರಳು ಬರುವ ಕಡೆ ಸ್ವಲ್ಪ ಬಿಟ್ಟು ಮುಂದೆ ಹೋಗುವುದು. ನಾನು ಈ ತರಹದ್ದು ಮನೆಯವರಿಗೆ, ನೆಂಟರಿಗೆ ಎಷ್ಟೋ ಜೊತೆ ಮಾಡಿಕೊಟ್ಟಿದ್ದೇನೆ. ಎಡ ಬಲ ಅಂತಲೂ ಇಲ್ಲ, ಎರಡೂ ಒಂದೇ ತರಹ.

ಮೊದಲು ಅತ್ತೆಯ ಕೈ ಅಳೆಯಿರಿ. ಹೆಬ್ಬೆರಳು ಬಿಟ್ಟು, ಉಳಿದ ನಾಲ್ಕು ಬೆರಳು ಶುರುವಾಗುವ ಗೆಣ್ಣಿನ ಮೇಲೆ ಟೇಪ್ ಸುತ್ತಿ. 18 ಸೆಂ.ಮೀ. ಬಂತು ಅಂತಿಟ್ಟುಕೊಳ್ಳಿ. 8 ಪ್ಲೈ ಉಲ್ಲನ್ನು 4 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ 10 ಸೆಂ.ಮೀ. ಅಗಲಕ್ಕೆ ಸುಮಾರು 22 ಸ್ಟಿಚ್ ಬರುತ್ತದೆ. ಅಂದರೆ 18 ಸೆಂ.ಮೀ.ಗೆ 40. ಇಷ್ಟೇ ಹಾಕಿದರೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಹತ್ತರಲ್ಲಿ ಒಂದು ಭಾಗ ಕಡಿಮೆ ಮಾಡಿ, 36. ಅದಕ್ಕೆ ಹೊಲಿಗೆಗೆ ಅಂತ 2 ಸೇರಿಸಿ 38 ಹಾಕಿ.

ಪೂರ್ತಿ ತುಂಡನ್ನು ಎರಡು ನಿಟ್, ಎರಡು ಪರ್ಲ್ ರಿಬ್‌ನಲ್ಲೇ ಹೆಣೆಯಿರಿ. ನನಗೆ ಕಲಿಸಿದ ದೊಡ್ಡಮ್ಮ ಎರಡು ಸೀದಾ, ಎರಡು ಉಲ್ಟಾ ಅನ್ನುತ್ತಿದ್ದರು. ರಿಬ್ ಕೈಗೆ ತಕ್ಕ ಹಾಗೆ ಹಿಗ್ಗುತ್ತದೆ, ಅಂಚು ಸುರುಳಿ ಸುತ್ತುವುದಿಲ್ಲ. ಅಳತೆಯಲ್ಲಿ ಸಣ್ಣಪುಟ್ಟ ತಪ್ಪಾದರೂ ಅದೇ ಸರಿ ಮಾಡಿಕೊಳ್ಳುತ್ತದೆ. ಸರಿ ಬದಿಯ ಸಾಲು ಎರಡು ನಿಟ್‌ನಿಂದ ಶುರುವಾಗಿ ಎರಡು ನಿಟ್‌ನಲ್ಲೇ ಮುಗಿಯಬೇಕು. 38ಕ್ಕೆ ಅದು ತಾನಾಗಿಯೇ ಬರುತ್ತದೆ. ಹಿಂದಿನ ಬದಿಯಲ್ಲಿ ಎರಡು ಪರ್ಲ್‌ನಿಂದ ಶುರು. ಹೊಲಿದಾಗ ಎರಡೂ ಅಂಚಿನ ಒಂದೊಂದು ಸ್ಟಿಚ್ ಒಳಗೆ ಹೋಗಿ, ಉಳಿದ ಒಂದೊಂದು ಸೇರಿ ಎರಡು ನಿಟ್ ಆಗುತ್ತದೆ. ರಿಬ್ ಸುತ್ತಲೂ ತುಂಡಾಗದೆ ಬರುತ್ತದೆ, ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು.

ಉದ್ದ 18 ಸೆಂ.ಮೀ. ಸಾಕು. ಮಣಿಕಟ್ಟಿನ ಕಡೆಯಿಂದ 9 ಸೆಂ.ಮೀ. ಹೊಲಿಯಿರಿ. 5 ಬಿಡಿ. ಮೇಲಿನ 4 ಹೊಲಿಯಿರಿ. ಮಣಿಕಟ್ಟಿನ ಭಾಗ ಗಿಡ್ಡ ಮಾಡಬೇಡಿ. ಅಲ್ಲಿ ನಾಡಿ ಚರ್ಮಕ್ಕೆ ತೀರಾ ಹತ್ತಿರ ಇರುತ್ತದೆ. ಅಲ್ಲಿ ಬೆಚ್ಚಗಿದ್ದರೆ ಬೆರಳಿಗೂ ಅದರ ಸುಖ ಸಿಗುತ್ತದೆ.

ಹೊಲಿಯುವ ರೀತಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ತುಂಬಾ ಜನ ಕೆಡಿಸುವುದು ಇಲ್ಲೇ. ಒಳಬದಿ ತಿರುಗಿಸಿ ಬಟ್ಟೆ ಹೊಲಿದ ಹಾಗೆ ಹೊಲಿದರೆ ದಪ್ಪ ಗೆರೆ ಬಂದು ಅಂಗೈಗೆ ಒತ್ತುತ್ತದೆ. ಸರಿ ಬದಿ ಮೇಲೆ ಮಾಡಿ ಎರಡೂ ಅಂಚನ್ನು ಪಕ್ಕಪಕ್ಕ ಇಡಿ. ಅಂಚಿನ ಮೊದಲ ಸ್ಟಿಚ್‌ಗೂ ಎರಡನೆಯದಕ್ಕೂ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಮೊಂಡು ಸೂಜಿಯಲ್ಲಿ ಈ ಕಡೆಯದೊಂದು ಎಳೆ, ಆ ಕಡೆಯದೊಂದು ಎಳೆ ಎತ್ತುತ್ತಾ ಹೋಗಿ. ಐದಾರು ಎತ್ತಿದ ಮೇಲೆ ದಾರ ಮೆಲ್ಲಗೆ ಎಳೆದರೆ ಎರಡು ಅಂಚು ಬಾಯಿ ಮುಚ್ಚಿದ ಹಾಗೆ ಕೂಡಿಕೊಳ್ಳುತ್ತವೆ. ಹೆಬ್ಬೆರಳ ಸಂದಿಯ ಕೆಳಗೆ, ಮೇಲೆ ಎರಡು ಕಡೆಯೂ ಎರಡೆರಡು ಸಲ ಸುತ್ತಿ ಗಂಟು ಹಾಕಿ. ಮೊದಲು ಬಿಡುವುದು ಆ ಮೂಲೆಯೇ.

ಇನ್ನು ಕಡ್ಡಿಯ ನಂಬರ್. ನಾನು ಇಲ್ಲಿ ಪೆಟ್ಟು ತಿಂದಿದ್ದೇನೆ. ಅಮೆರಿಕದವರ ಒಂದು ವಿಡಿಯೋ ನೋಡಿ, 8ನೇ ನಂಬರ್ ಕಡ್ಡಿ ಅಂದಿದ್ದಕ್ಕೆ ಮನೆಯಲ್ಲಿದ್ದ 8ನೇ ನಂಬರ್ ಕಡ್ಡಿಯಲ್ಲೇ ಪೂರ್ತಿ ಜೊತೆ ಹೆಣೆದೆ. ಹಾಕಿ ನೋಡಿದರೆ ಅಂಗೈ ಒಳಗೇ ಹೋಗಲಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವುದು ಹಳೆಯ ಇಂಗ್ಲೆಂಡ್ ನಂಬರ್. ಅದರಲ್ಲಿ ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25. ಅಮೆರಿಕದ್ದು ಉಲ್ಟಾ, ನಂಬರ್ ಏರಿದ ಹಾಗೆ ಕಡ್ಡಿ ದಪ್ಪ. ಅವರ 8 ಅಂದರೆ 5 ಮಿ.ಮೀ. ಹಾಗಾಗಿ ನಂಬರ್ ಕೇಳಬೇಡಿ, ಮಿಲಿಮೀಟರ್ ಕೇಳಿ ತನ್ನಿ.

ಸ್ಟಿಚ್ ಹಾಕುವಾಗ, ಕೊನೆಗೆ ಮುಗಿಸುವಾಗ ಕೈ ಬಿಗಿ ಮಾಡಬೇಡಿ. ನಾನು ಆ ಎರಡು ಸಾಲಿಗೆ ಮಾತ್ರ 5 ಮಿ.ಮೀ. ಕಡ್ಡಿ ತೆಗೆದುಕೊಳ್ಳುತ್ತೇನೆ. ಬಿಗಿಯಾದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಕೈ ತೂರುವುದಿಲ್ಲ.

ಒಂದು ಜೊತೆಗೆ 50 ಗ್ರಾಂ ಉಲ್ಲನ್ ಸಾಕಾಗುತ್ತದೆ. ಎರಡನ್ನೂ ಒಂದೇ ಕಡ್ಡಿಯ ಮೇಲೆ ಪಕ್ಕಪಕ್ಕ ಹಾಕಿಕೊಂಡು ಒಟ್ಟಿಗೆ ಹೆಣೆಯಿರಿ. ಒಂದಕ್ಕೆ ಉಂಡೆಯ ಹೊರಗಿನ ತುದಿ, ಇನ್ನೊಂದಕ್ಕೆ ಒಳಗಿನ ತುದಿ. ಎರಡೂ ಒಂದೇ ಉದ್ದ ಬರುತ್ತದೆ, ಒಂದು ಮುಗಿಸಿ ಇನ್ನೊಂದು ವರ್ಷಗಟ್ಟಲೆ ಬಾಕಿ ಉಳಿಯುವುದೂ ಇಲ್ಲ.

ಸಾಗರದಿಂದ

ತೀರ್ಥಹಳ್ಳಿಯ ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಕತ್ತಿ) ಮುಂದೆ ಕೂರುವವರಿಗೆ ಅಂದಾಗ ನನಗೆ ಸ್ವಲ್ಪ ಭಯ. ನಾನೂ ಸುಲಿಯುವವಳು. ಅಡಿಕೆ ಒತ್ತಿ ತಿರುಗಿಸುವಾಗ ಅಂಗೈ ಅಂಚು ಕತ್ತಿಗೆ ಎಷ್ಟು ಹತ್ತಿರ ಹೋಗುತ್ತದೆ ಅಂತ ಸುಲಿದವರಿಗೆ ಗೊತ್ತು. ಅಲ್ಲಿ ಒಂದು ಎಳೆ ಸಿಕ್ಕಿಕೊಂಡರೂ ಕೈ ಎಳೆದ ಹಾಗಾಗುತ್ತದೆ. ನನ್ನ ಮೊದಲ ಜೊತೆ ಅಂಗೈ ಮುಚ್ಚುವಂಥದ್ದೇ. ಎರಡನೇ ದಿನಕ್ಕೇ ಹೆಬ್ಬೆರಳ ಬುಡದಲ್ಲಿ ಕತ್ತಿ ತಾಗಿ ಮೂರು ಎಳೆ ಹರಿಯಿತು. ಕೈಗೆ ಏನೂ ಆಗಲಿಲ್ಲ, ಆದರೆ ಆವತ್ತೇ ಬಿಚ್ಚಿಟ್ಟೆ.

ಈಗ ನಾನು ಸುಲಿಯುವಾಗ ಹಾಕುವುದು ಬರೀ ಮಣಿಕಟ್ಟಿನ ತೋಳು. ಹೆಬ್ಬೆರಳ ಬುಡದ ಕೆಳಗೇ ಮುಗಿಯುತ್ತದೆ, ಮೇಲೆ ಮೊಣಕೈ ಕಡೆಗೆ ಒಂದು ಗೇಣು. ಸಂದಿ ಬಿಡುವ ಕೆಲಸವೂ ಇಲ್ಲ, ಉದ್ದಕ್ಕೆ ಹೊಲಿದರಾಯಿತು. ಇಷ್ಟಕ್ಕೇ ಕೈ ಸೆಟೆಯುವುದು ಎಷ್ಟೋ ಕಡಿಮೆಯಾಗಿದೆ. ಅಂಗೈ ಮುಚ್ಚುವ ಜೊತೆ ಬೇರೆ ಇಟ್ಟುಕೊಂಡಿದ್ದೇನೆ. ಅಂಗಳದಲ್ಲಿ ಒಣ ಅಡಿಕೆ ಆರಿಸುವಾಗ, ಹೂವು ಕಟ್ಟುವಾಗ, ಕಾಫಿ ಲೋಟ ಹಿಡಿದು ಕೂತಾಗ ಅದು.

ಬಣ್ಣದ ವಿಷಯ. ಹಸಿ ಅಡಿಕೆಯ ರಸ ಹತ್ತಿದರೆ ಹೋಗುವುದಿಲ್ಲ, ಅಡಿಕೆ ಬೇಯಿಸಿದ ಚೊಗರಂತೂ ಕೇಳಲೇಬೇಡಿ. ತಿಳಿ ಗುಲಾಬಿ, ಕೆನೆ ಬಣ್ಣ ಆಸೆಯಾದರೂ ಬಿಡಿ. ಕಾಫಿಪುಡಿ ಬಣ್ಣ ತೆಗೆದುಕೊಳ್ಳಿ.

ಆಗುಂಬೆ ಹತ್ತಿರದಿಂದ

ನಮ್ಮಲ್ಲಿ ಥಂಡಿ ಅಂದರೆ ಮಳೆಗಾಲದ್ದೇ ಜಾಸ್ತಿ. ವರ್ಷದ ಸರಾಸರಿ ಮಳೆಯೇ 7000 ಮಿ.ಮೀ. ಮೇಲೆ. ಒಗೆದದ್ದು ಒಣಗುವುದೇ ದೊಡ್ಡ ಪ್ರಶ್ನೆ, ಹಾಗಾಗಿ ಉಲ್ಲನ್ ಆರಿಸುವಾಗ ಅದನ್ನೂ ಯೋಚಿಸಿ.

ಅಕ್ರಿಲಿಕ್ ಬೇಗ ಒಣಗುತ್ತದೆ, ಹೇಗೆ ಒಗೆದರೂ ತಡೆಯುತ್ತದೆ, ಬೆಲೆಯೂ ಕಡಿಮೆ. ನಿಜವಾದ ಕುರಿ ಉಣ್ಣೆ ನಿಧಾನ ಒಣಗುತ್ತದೆ, ಆದರೆ ಸ್ವಲ್ಪ ಒದ್ದೆಯಾದರೂ ಬೆಚ್ಚಗೇ ಇರುತ್ತದೆ. ನಮ್ಮ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ದಿನ ಗದ್ದೆಯಲ್ಲಿ ನಿಲ್ಲುತ್ತಿದ್ದದ್ದು ಅದರ ಬಲದಿಂದಲೇ ಅಲ್ವಾ. ಉಣ್ಣೆಯನ್ನು ಬಿಸಿ ನೀರಲ್ಲಿ ಹಾಕಿ ಉಜ್ಜಿದರೆ ಮಾತ್ರ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಹತ್ತಿ ದಾರ ಬೇಡವೇ ಬೇಡ. ನೀರು ಕುಡಿದು ಭಾರವಾಗುತ್ತದೆ, ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು ಬಚ್ಚಲ ಒಲೆಯ ಮಾತು ಬರೆದಿದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ. ಅಕ್ರಿಲಿಕ್ ಗ್ಲೌಸ್ ಹಾಕಿಕೊಂಡು ಬೆಂಕಿಗೆ ಕೈ ಒಡ್ಡಬಾರದು. ಅದು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಣಗಿಸಲು ಒಲೆಯ ದಂಡೆಯ ಮೇಲೂ ಇಡಬೇಡಿ. ನಾನು ಒಮ್ಮೆ ಮಗನ ಜೊತೆಯನ್ನು ಹಾಗೆ ಇಟ್ಟು, ಬೆಳಗ್ಗೆ ನೋಡಿದರೆ ಒಂದು ಬದಿ ಪ್ಲಾಸ್ಟಿಕ್ ತುಂಡಿನ ಹಾಗೆ ಮುದುಡಿತ್ತು. ಬೆಂಕಿ ಮುಂದೆ ಕೂರುವವರಿಗಾದರೆ ಸ್ವಲ್ಪ ಹಣ ಹೋದರೂ ಉಣ್ಣೆಯದೇ ಮಾಡಿಕೊಡಿ.

ಶಿವಮೊಗ್ಗದಿಂದ

ಅಂಗಡಿಯಲ್ಲಿ ಎಲ್ಲವನ್ನೂ ಉಲ್ಲನ್ ಅಂತಲೇ ಕರೆಯುತ್ತಾರೆ. ಗಾಂಧಿ ಬಜಾರಿಗೆ ಬಂದಾಗ ಲೇಬಲ್ ಓದಿ ತೆಗೆದುಕೊಳ್ಳಿ. ಲೇಬಲ್ ಇಲ್ಲದಿದ್ದರೆ ಒಂದು ಇಂಚು ದಾರ ಮನೆಗೆ ತಂದು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕರಿ ಮಣಿಯ ಹಾಗೆ ಗಟ್ಟಿಯಾಗುತ್ತದೆ.

ಇನ್ನೊಂದು ದಾರಿ, ಮನೆಯಲ್ಲಿ ಯಾರೂ ಹಾಕದ ಹಳೆಯ ಉಣ್ಣೆ ಸ್ವೆಟರ್ ಇದ್ದರೆ ಅದರ ತೋಳು ಬಿಚ್ಚಿ. ಬಿಚ್ಚಿದ ದಾರ ನೂಡಲ್ಸ್ ಹಾಗೆ ಗುಂಗುರಾಗಿರುತ್ತದೆ. ಹಾಗೇ ಹೆಣೆದರೆ ಸ್ಟಿಚ್ ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ ನೇತು ಹಾಕಿ. ನೆಟ್ಟಗಾಗುತ್ತದೆ. ನಮ್ಮಮ್ಮ ನಮ್ಮ ತಂದೆಯವರ ಸ್ವೆಟರಿನ ತೋಳಿನಿಂದ ನನಗೆ ಇಂಥದ್ದೊಂದು ಜೊತೆ ಮಾಡಿಕೊಟ್ಟಿದ್ದರು. ಅಪ್ಪ ಹೋದ ವರ್ಷ ಅದು. ಈಗಲೂ ಡಿಸೆಂಬರ್‌ನಲ್ಲಿ ತೆಗೆದು ಹಾಕಿಕೊಳ್ಳುತ್ತೇನೆ.

ಭದ್ರಾವತಿಯಿಂದ

ಸ್ಕೂಟರ್ ಓಡಿಸುವವರಿಗೆ ಒಂದು ಮಾತು. ಬರೀ ಸಂದಿ ಬಿಟ್ಟ ಗ್ಲೌಸಿನಲ್ಲಿ ಹ್ಯಾಂಡಲ್ ಹಿಡಿದಾಗ ಹೆಬ್ಬೆರಳ ಬುಡ ಬಾಯಿ ಬಿಟ್ಟು ಗಾಳಿ ನೇರ ಒಳಗೆ ನುಗ್ಗುತ್ತದೆ. ನಾನು ದಿನಾ ಬೆಳಗ್ಗೆ ಶಿವಮೊಗ್ಗಕ್ಕೆ ಹೋಗುವವಳು, ಅದಕ್ಕೇ ಹೆಬ್ಬೆರಳಿಗೆ ಬೇರೆಯೇ ಪುಟ್ಟ ತೋಳು ಮಾಡಿಕೊಳ್ಳುತ್ತೇನೆ. ಸುತ್ತಲೂ ಹೆಣೆಯಲು ಬರುವವರಿಗೆ ಇದು. ಮಣಿಕಟ್ಟು ಮುಗಿದ ಮೇಲೆ ಒಂದು ಸ್ಟಿಚ್ ಗುರುತು ಮಾಡಿ, ಅದರ ಎರಡು ಪಕ್ಕ ಪ್ರತಿ ಮೂರನೇ ಸುತ್ತಿಗೆ ಒಂದೊಂದು ಹೆಚ್ಚಿಸುತ್ತಾ ಹೋಗಿ. ಆರು ಸಲ ಹೆಚ್ಚಿಸಿದರೆ 13 ಆಗುತ್ತದೆ. ಆ 13ನ್ನು ಬೇರೆ ದಾರಕ್ಕೆ ಪೋಣಿಸಿಟ್ಟು, ಖಾಲಿ ಜಾಗದಲ್ಲಿ ಹೊಸದಾಗಿ ಒಂದು ಸ್ಟಿಚ್ ಹಾಕಿಕೊಂಡು ಅಂಗೈ ಮುಂದುವರಿಸಿ. ಕೊನೆಗೆ ಆ 13ಕ್ಕೆ ಬುಡದಿಂದ ಮೂರು ಎತ್ತಿಕೊಂಡು 16ರಲ್ಲಿ ನಾಲ್ಕೈದು ಸುತ್ತು ರಿಬ್. ಬುಡದಲ್ಲಿ ಆ ಮೂರು ಎತ್ತದಿದ್ದರೆ ತೂತು ಉಳಿಯುತ್ತದೆ.

ಮೊದಲ ಸಲಕ್ಕೆ ಇದು ಬೇಡ. ಮುಂದಿನ ವರ್ಷಕ್ಕೆ ಇರಲಿ.

ಹೊಸನಗರದಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಗರದ ಅಕ್ಕನ ಮಾತು ಓದಿ ಅತ್ತೆ ಸುಲಿಯುವಾಗ ಪಕ್ಕದಲ್ಲೇ ಕೂತು ಕೈ ನೋಡಿದೆ. ನಿಜ, ಎಡಗೈಯ ಹೆಬ್ಬೆರಳ ಬುಡ ಕತ್ತಿಗೆ ಎರಡು ಬೆರಳಿನಷ್ಟು ಹತ್ತಿರ ಬರುತ್ತದೆ. ಹಾಗಾಗಿ ಮೊದಲು ಮಣಿಕಟ್ಟಿನ ತೋಳು ಹೆಣೆದೆ, ಕಾಫಿಪುಡಿ ಬಣ್ಣದ ಉಣ್ಣೆಯಲ್ಲಿ. ನಾಲ್ಕು ರಾತ್ರಿಯಲ್ಲಿ ಮುಗಿಯಿತು. ಅತ್ತೆ ಮೂರು ದಿನದಿಂದ ಹಾಕಿಕೊಂಡೇ ಕೂರುತ್ತಿದ್ದಾರೆ. ಒಲೆ ಹತ್ತಿರ ಹೋಗುವುದು ನಿಂತಿಲ್ಲ, ಆದರೆ ಕಡಿಮೆಯಾಗಿದೆ.

ಆಮೇಲೆ ಅಂಗೈ ಮುಚ್ಚುವ ಜೊತೆಯನ್ನೂ 38 ಸ್ಟಿಚ್ ಹಾಕಿ ಮುಗಿಸಿದೆ. ಮೈ ಸರಿಯಾಗಿ ಕೂತಿದೆ. ಹೆಬ್ಬೆರಳ ಸಂದಿ ಮಾತ್ರ ಸಡಿಲ, ಅತ್ತೆಯ ಕೈ ಸಣಕಲು. ಬಿಚ್ಚಿ ಮತ್ತೆ ಹೊಲಿಯಬೇಕೇ?

ತೀರ್ಥಹಳ್ಳಿಯಿಂದ

ಬಿಚ್ಚಬೇಡಿ ತಂಗಿ. ಸಂದಿಯ ಮೇಲಿನ ಮೂಲೆಯಿಂದ ಕೆಳಕ್ಕೆ ಒಂದು ಸೆಂಟಿಮೀಟರ್ ಅದೇ ದಾರದಲ್ಲಿ ಹೊಲಿದುಬಿಡಿ, 4 ಉಳಿಯುತ್ತದೆ. ಕೆಳಗಿನ ಮೂಲೆ ಮುಟ್ಟಬೇಡಿ, ಅಲ್ಲಿ ಬಿಗಿಯಾದರೆ ಹೆಬ್ಬೆರಳು ಅಗಲಿಸಿದಾಗಲೆಲ್ಲ ಎಳೆಯುತ್ತದೆ. ಹೊಲಿಯುವ ಮೊದಲು ಒಮ್ಮೆ ಅತ್ತೆಯ ಕೈಗೆ ಹಾಕಿಸಿ, ಲೋಟ ಹಿಡಿಯಲು ಹೇಳಿ, ಆಗ ಎಲ್ಲಿಗೆ ನಿಲ್ಲಿಸಬೇಕು ಅಂತ ಪಿನ್ ಹಾಕಿಕೊಳ್ಳಿ.