ಕ್ಯಾಲಸ್‌ಗೆ ಕನ್ನಡದಲ್ಲಿ ಏನನ್ನೋಣ: ಜಡ್ಡೋ, ಮುದ್ದೆಯೋ?

ಎಲ್ಲರಿಗೂ ನಮಸ್ಕಾರ.

ನಾನು ಪದವಿ ತರಗತಿಗೆ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಪುಸ್ತಕ ಇಂಗ್ಲಿಷಿನದು. ಆದರೆ ಮಕ್ಕಳಲ್ಲಿ ಬಹಳ ಮಂದಿ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಹಾಗಾಗಿ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ರೂಢಿ. ಈ ಸಲ ಟಿಶ್ಯೂ ಕಲ್ಚರ್ (ಗಿಡದ ಚಿಕ್ಕ ತುಂಡನ್ನು ಬಾಟಲಿಯಲ್ಲಿಟ್ಟು ಬೆಳೆಸುವುದು) ಪಾಠದಲ್ಲಿ ಒಂದೇ ಒಂದು ಪದದ ಹತ್ತಿರ ನಿಂತುಬಿಟ್ಟೆ. ಅದು ಕ್ಯಾಲಸ್, ಅಂದರೆ ಗಿಡದ ಕತ್ತರಿಸಿದ ಜಾಗದಲ್ಲಿ ಬೆಳೆಯುವ, ಆಕಾರವಿಲ್ಲದ ಜೀವಕೋಶಗಳ ಗುಂಪು.

ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಗಟ್ಟಿಯಾದ ಚರ್ಮ ಎಂದು ಅರ್ಥ. ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುತ್ತದೆ ಅಂತೀವಲ್ಲ, ಅದೇ. ಅದಕ್ಕೆ ನಾನು ‘ಜಡ್ಡು’ ಎಂದೇ ಹೇಳುತ್ತಾ ಬಂದಿದ್ದೆ. ಮೊನ್ನೆ ಲ್ಯಾಬಿನಲ್ಲಿ ಕಲಬುರಗಿ ಕಡೆಯ ಹುಡುಗಿಯೊಬ್ಬಳು ಬಾಟಲಿ ಎತ್ತಿ ಹಿಡಿದು ಕೇಳಿದಳು: “ಸರ್, ಈ ಗಜ್ಜರಿಗೆ ಯಾವ ಜಡ್ಡು ಬಂದದ್ರಿ?” ಅವಳ ಕಡೆ ಗಜ್ಜರಿ ಎಂದರೆ ಕ್ಯಾರೆಟ್, ಜಡ್ಡು ಎಂದರೆ ಕಾಯಿಲೆ. ಅವಳು ಕೇಳಿದ್ದು ಪೂರ್ತಿ ಸರಿ. ಆರೋಗ್ಯವಾಗಿ ಬೆಳೆಯುತ್ತಿರುವ ಜೀವಕೋಶಗಳಿಗೆ ಅರ್ಧ ಕರ್ನಾಟಕದಲ್ಲಿ ರೋಗ ಎಂದು ಕೇಳಿಸುವ ಹೆಸರು ಇಡಬಾರದು, ಅಲ್ವಾ?

ಅವಳು ಹಿಡಿದಿದ್ದ ಬಾಟಲಿಯನ್ನೇ ನೋಡೋಣ. ಕ್ಯಾರೆಟ್ಟಿನ ಒಂದು ಬಿಲ್ಲೆ ಕತ್ತರಿಸಿ, ಸೋಂಕು ತೆಗೆದು, ಉಪ್ಪು, ಸಕ್ಕರೆ, ವಿಟಮಿನ್, ಒಂದಿಷ್ಟು ಆಕ್ಸಿನ್ (ಒಂದು ಸಸ್ಯ ಹಾರ್ಮೋನ್) ಬೆರೆಸಿದ, ಜೆಲ್ಲಿಯಂಥ ಅಗರ್ ಮೇಲೆ ಇಟ್ಟಿದ್ದೆವು. ಮೂರು ನಾಲ್ಕು ವಾರಕ್ಕೆ ಕಿತ್ತಳೆ ಬಣ್ಣದ ಬಿಲ್ಲೆಯ ಮೇಲೆ ತಿಳಿ ಹಳದಿಯ ಹರಳು ಹರಳಾದ ಉಬ್ಬುಗಳು ಬಂದಿದ್ದವು. ನೋಡಲು ಒಡೆದ ಹಾಲಿನ ಗರಣೆಯ ಥರ. ಚಿಮಟದಲ್ಲಿ ಮುಟ್ಟಿದರೆ ಉದುರುತ್ತದೆ. ಇದರಲ್ಲಿ ಗಟ್ಟಿ ಎನ್ನುವಂಥದ್ದು ಏನೂ ಇಲ್ಲ. ಅಂದರೆ ಕಲಬುರಗಿಯ ಅರ್ಥ ಬಿಟ್ಟರೂ, ಮೈಸೂರಿನ ಕಡೆಯ ಗಟ್ಟಿ ಚರ್ಮದ ಅರ್ಥದಲ್ಲೂ ‘ಜಡ್ಡು’ ಇಲ್ಲಿ ಹೊಂದುವುದಿಲ್ಲ.

ಹಾಗಾದರೆ ಸುಮ್ನೆ ‘ಕ್ಯಾಲಸ್’ ಎಂದೇ ಬಿಡಬಹುದಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನನಗೆ ಎರವಲು ಪದದ ಮೇಲೆ ಸಿಟ್ಟಿಲ್ಲ. ಆಕ್ಸಿನ್, ಅಗರ್ ಎಂದೇ ಬರೆಯುತ್ತೇನೆ. ಆದರೆ ಅದೇ ಸೆಮಿಸ್ಟರಿನಲ್ಲಿ ಸಸ್ಯ ಶರೀರಕ್ರಿಯೆಯ ಪಾಠದಲ್ಲಿ ‘ಕ್ಯಾಲೋಸ್’ ಬರುತ್ತದೆ. ಅದು ಸಕ್ಕರೆ ಸಾಗುವ ಜರಡಿ ನಾಳಗಳ ರಂಧ್ರಗಳನ್ನು ಮುಚ್ಚುವ ವಸ್ತು, ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ. ಒಂದು ವಸ್ತು, ಇನ್ನೊಂದು ಜೀವಕೋಶಗಳ ಗುಂಪು. ಉತ್ತರ ಪತ್ರಿಕೆಗಳಲ್ಲಿ ಇವೆರಡೂ ಒಂದರ ಜಾಗದಲ್ಲಿ ಇನ್ನೊಂದು ಬರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಕಿವಿಗೆ ಅಷ್ಟು ಹತ್ತಿರ ಇವೆ.

ನನ್ನ ಮನಸ್ಸು ಈಗ ‘ಕೋಶಮುದ್ದೆ’ಯ ಕಡೆ ವಾಲಿದೆ. ಒದ್ದೆ ಬಟ್ಟೆಯನ್ನು ಮುದ್ದೆ ಮಾಡಿ ಇಡುತ್ತೇವೆ. ಅನ್ನ ಮುದ್ದೆಯಾಯಿತು ಎನ್ನುತ್ತೇವೆ. ಅಂದರೆ ಬಿಡಿ ಬಿಡಿಯಾಗಿ ಇರಬೇಕಾದ್ದು ಆಕಾರವಿಲ್ಲದೆ ಒಟ್ಟುಗೂಡಿದ್ದು. ಕ್ಯಾಲಸ್ ಕೂಡ ಹಾಗೇ. ಅಲ್ಲಿ ಬೇರಿಲ್ಲ, ಎಲೆಯಿಲ್ಲ, ನಾರಿಲ್ಲ. ಇನ್ನೊಂದು ಮುಖ್ಯ ಮಾತು. 1957ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಕಾಂಡದ ತಿರುಳಿನಲ್ಲಿ ತೋರಿಸಿದ್ದು ಇದನ್ನೇ: ಆಕ್ಸಿನ್ ಜಾಸ್ತಿ, ಸೈಟೊಕೈನಿನ್ (ಇನ್ನೊಂದು ಸಸ್ಯ ಹಾರ್ಮೋನ್) ಕಡಿಮೆ ಇದ್ದರೆ ಬೇರು ಬರುತ್ತದೆ. ತಿರುಗಿಸಿದರೆ ಚಿಗುರು. ಎರಡೂ ಹದವಾಗಿ ಸರಿಸಮ ಇದ್ದರೆ ಅದು ಹಾಗೇ ಮುದ್ದೆಯಾಗಿ ಬೆಳೆಯುತ್ತಾ ಹೋಗುತ್ತದೆ. ಕುಂಬಾರನ ಮುಂದಿರುವ ಮಣ್ಣಿನ ಮುದ್ದೆ ಮಡಕೆಯೂ ಆದೀತು, ಹಣತೆಯೂ ಆದೀತು. ತರಗತಿಯಲ್ಲಿ ಈ ಹೋಲಿಕೆ ಹೇಳಿದ ದಿನ ಆಕ್ಸಿನ್ ಪಾಠವನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಪದ ಮುಂದಕ್ಕೂ ಬೆಳೆಯುತ್ತದೆ. ಗಟ್ಟಿಯಾಗಿ ಅಂಟಿಕೊಂಡಿದ್ದು ‘ಗಟ್ಟಿ ಮುದ್ದೆ’, ಪುಡಿಯಾಗುವುದು ‘ಉದುರು ಮುದ್ದೆ’. ‘ಮುದ್ದೆ ಕಟ್ಟು’ ಎಂಬ ಕ್ರಿಯಾಪದವೂ ಸಿದ್ಧವಾಗಿಯೇ ಇದೆ. ಊಟದ ಪದ, ವಿಜ್ಞಾನಕ್ಕೆ ತೂಕ ಸಾಲದು ಎಂದು ಒಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಜರಡಿ ಅಡುಗೆಮನೆಯದೇ, ಆದರೂ ‘ಜರಡಿ ನಾಳ’ ಎಂದು ಬರೆಯಲು ಯಾರೂ ಹಿಂಜರಿಯುವುದಿಲ್ಲ.

(ಇದರ ಜೊತೆಗೆ ಒಂದು ಕೋರಿಕೆ. ಪತ್ರಿಕೆಗಳಲ್ಲಿ ಆಗಾಗ ‘ಅಂಗಾಂಶ ಕಸಿ ಬಾಳೆ’ ಎಂದು ಕಾಣುತ್ತದೆ. ಕಸಿ ಎಂದರೆ ಒಂದು ಗಿಡಕ್ಕೆ ಇನ್ನೊಂದನ್ನು ಬೆಸೆಯುವುದು. ಇಲ್ಲಿ ಬೆಸೆಯುವುದು ಏನೂ ಇಲ್ಲ. ‘ಅಂಗಾಂಶ ಕೃಷಿ’ ಎನ್ನಿ, ಅಥವಾ ರೈತರ ಹಾಗೆ ‘ಟಿಶ್ಯೂ ಬಾಳೆ’ ಎನ್ನಿ.)

ರೈತರ ಬಾಯಲ್ಲೇ ಕ್ಯಾಲಸ್‌ಗೆ ಪದ ಇದೆಯಾ ಎಂದು ಹುಡುಕಿದೆ. ಟಿಶ್ಯೂ ಕಲ್ಚರಿನಿಂದ ಬರುವ ಜಿ-9 ಎಂಬ ಬಾಳೆ ತಳಿ ಬೆಳೆಯುವವರಲ್ಲಿ ಸಿಗಲಿಲ್ಲ. ಅದಕ್ಕೆ ಕಾರಣವೂ ಇದೆ. ಬಾಳೆಯನ್ನು ಕಂದಿನ ತುದಿಮೊಗ್ಗಿನಿಂದ ನೇರವಾಗಿ ಚಿಗುರೊಡೆಸುತ್ತಾರೆ. ಮುದ್ದೆಯ ಹಂತವನ್ನು ಬೇಕೆಂದೇ ತಪ್ಪಿಸುತ್ತಾರೆ, ಯಾಕೆಂದರೆ ಆ ದಾರಿಯಲ್ಲಿ ತಾಯಿಯನ್ನು ಹೋಲದ ಗಿಡಗಳು ಜಾಸ್ತಿ ಬರುತ್ತವೆ. ಆಮೇಲೆ ಗಿಡ ರೈತರ ಕೈಗೆ ಬರುವುದು ನೆರಳುಮನೆಯಲ್ಲಿ ಹೊರಗಿನ ಗಾಳಿ ಬಿಸಿಲಿಗೆ ಒಗ್ಗಿದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ.

ಆದರೆ ದಾಳಿಂಬೆಗೆ ಗೂಟಿ ಕಟ್ಟುವವರು ಇದನ್ನು ದಿನಾ ನೋಡುತ್ತಾರೆ. ರೆಂಬೆಯ ಸುತ್ತ ತೊಗಟೆ ಸುಲಿದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತಾರೆ. ಬೇರು ಇಳಿಯುವ ಮೊದಲು ಗಾಯದ ಮೇಲಂಚಿನಲ್ಲಿ ಬಿಳಿ ಬಿಳಿ ಉಬ್ಬು ಏಳುತ್ತದೆ. ಅದೂ ಕ್ಯಾಲಸ್ಸೇ. ವಿಜಯಪುರ, ಬಾಗಲಕೋಟೆ, ಕೊಪ್ಪಳದ ಕಡೆ ಗೂಟಿ ಕಟ್ಟುವವರು ಆ ಉಬ್ಬಿಗೆ ಏನನ್ನುತ್ತಾರೆ? ಮಾವು, ಗೋಡಂಬಿಗೆ ಕಸಿ ಕಟ್ಟುವ ಕರಾವಳಿ, ಮಲೆನಾಡಿನವರು ಬೆಸುಗೆಯ ಜಾಗದ ಊತಕ್ಕೆ ಏನನ್ನುತ್ತಾರೆ? ನಿಮ್ಮ ಮನೆಯಲ್ಲೋ ತೋಟದಲ್ಲೋ ಕೇಳಿದ್ದರೆ, ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ ತಿಳಿಸಿ. ಅಲ್ಲಿ ಒಳ್ಳೆಯ ಪದ ಸಿಕ್ಕರೆ ನಾನು ‘ಕೋಶಮುದ್ದೆ’ಯನ್ನು ಬಿಟ್ಟು ಅದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.